ಫ್ಲ್ಯಾಟ್ ನಮ್ಮದು, ಮೆಟ್ಟಿಲು ಯಾರದು?

ನಮ್ಮ ಪಟ್ಟಣಗಳಲ್ಲಿ ಹಂಚಿನ ಮನೆಗಳು ಮರೆಯಾಗಿ ವಸತಿ ಸಮುಚ್ಚಯಗಳು ತಲೆಯೆತ್ತಿವೆ. ಕೊಲ್ಲಿ ರಾಷ್ಟ್ರಗಳಲ್ಲಿ ಬೆವರು ಸುರಿಸಿ ಗಳಿಸಿದ ಹಣದಿಂದ ಫ್ಲ್ಯಾಟ್ ಖರೀದಿಸಿದ ಮುಸ್ಲಿಮ್ ಕುಟುಂಬಗಳು ಅನೇಕ. ಆದರೆ ಬಾಗಿಲಿನ ಒಳಗಿರುವುದಷ್ಟೇ ನಮ್ಮದು. ಹೊರಗಿನ ಮೆಟ್ಟಿಲು, ಲಿಫ್ಟ್, ನೀರಿನ ಪಂಪು, ಕಾವಲುಗಾರನ ಸಂಬಳ ಇನ್ಯಾರದೋ ಹೊಣೆ ಎಂಬ ಧೋರಣೆ ನಮ್ಮಲ್ಲಿ ಬೇರೂರುತ್ತಿರುವುದು ವಿಷಾದನೀಯ.

ಮನೆಗೆ ಬೀಗ ಹಾಕಿ ದುಬೈಯಲ್ಲಿದ್ದೇವೆ, ನಿರ್ವಹಣಾ ಶುಲ್ಕ ಏಕೆ ಎಂಬುದು ಒಬ್ಬರ ಪ್ರಶ್ನೆ. ನಮ್ಮದು ನೆಲ ಅಂತಸ್ತು, ಲಿಫ್ಟ್ ಹತ್ತುವುದೇ ಇಲ್ಲ ಎಂಬುದು ಇನ್ನೊಬ್ಬರ ವಾದ. ಹೀಗೆ ಬಾಕಿ ಬೆಳೆದು ಲಿಫ್ಟ್ ನಿಂತಾಗ ಮೇಲಿನ ಮಹಡಿಯ ವೃದ್ಧೆ ಆಸ್ಪತ್ರೆಗೆ ಹೋಗಲಾರದೆ ಕೊರಗುತ್ತಾರೆ. ಕಾವಲುಗಾರನ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಕತ್ವ ಕಾಯ್ದೆಗೆ ಒಳಪಟ್ಟ ಸಮುಚ್ಚಯಗಳಲ್ಲಿ, ಸಾಮಾನ್ಯ ಸ್ಥಳಗಳಲ್ಲಿ ತನಗಿರುವ ಅವಿಭಕ್ತ ಹಕ್ಕಿನ ಪ್ರಮಾಣಕ್ಕನುಗುಣವಾಗಿ ಪ್ರತಿಯೊಬ್ಬ ಮಾಲಕನೂ ವೆಚ್ಚ ಭರಿಸಬೇಕು. ಸೌಲಭ್ಯವನ್ನು ಬಳಸುವುದಿಲ್ಲ ಎಂದೋ, ಮನೆ ಖಾಲಿ ಬಿಟ್ಟಿದ್ದೇನೆ ಎಂದೋ ಜಾರಿಕೊಳ್ಳುವಂತಿಲ್ಲ. 2016ರ ರೇರಾ ಕಾಯ್ದೆಯೂ ಶುಲ್ಕ ಪಾವತಿಯನ್ನು ಖರೀದಿದಾರನ ಕರ್ತವ್ಯಗಳಲ್ಲಿ ಸೇರಿಸಿದೆ.

ಇದು ನಮ್ಮ ಫಿಕ್‌ಹ್‌ಗೆ ಹೊಸ ವಿಚಾರವೂ ಅಲ್ಲ. ಮೇಲಂತಸ್ತು ಒಬ್ಬನದು, ಕೆಳ ಅಂತಸ್ತು ಇನ್ನೊಬ್ಬನದಾದಾಗ ಯಾರ ಹಕ್ಕೇನು ಎಂಬುದನ್ನು ಹನಫೀ ವಿದ್ವಾಂಸರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. 19ನೇ ಶತಮಾನದಲ್ಲಿ ಉಸ್ಮಾನಿಯಾ ಸಾಮ್ರಾಜ್ಯ ರೂಪಿಸಿದ 'ಮಜಲ್ಲಾ' ಸಂಹಿತೆಯು, ಜಂಟಿ ಆಸ್ತಿಯ ದುರಸ್ತಿಯ ವೆಚ್ಚವನ್ನು ಪಾಲಿನ ಪ್ರಮಾಣದಲ್ಲಿ ಎಲ್ಲರೂ ಹೊರಬೇಕೆಂದು ವಿಧಿಸಿದೆ. ಲಾಭದಲ್ಲಿ ಪಾಲಿರುವವನಿಗೆ ಹೊರೆಯಲ್ಲೂ ಪಾಲಿದೆ ಎಂಬುದು ಅದರ ತತ್ವ. ಹಡಗಿನ ಕೆಳ ಅಂತಸ್ತಿನವರು ತಮ್ಮ ಪಾಲಿನ ಜಾಗದಲ್ಲಿ ರಂಧ್ರ ಕೊರೆಯಲು ಹೊರಟಾಗ ಮೇಲಿನವರು ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ ಎಂಬ ಪ್ರವಾದಿವರ್ಯರ(ಸ) ಉಪಮೆಯನ್ನು ಜುಮಾ ಪ್ರವಚನಗಳಲ್ಲಿ ನಾವೆಷ್ಟು ಬಾರಿ ಕೇಳಿಲ್ಲ! ಅದು ನಮ್ಮ ಮೆಟ್ಟಿಲಿಗೂ ಅನ್ವಯಿಸುತ್ತದೆಂದು ಹೊಳೆಯದಿರುವುದೇ ವಿಪರ್ಯಾಸ.

ತಡವಾದ ಬಾಕಿಗೆ ಸಂಘವು ಬಡ್ಡಿ ವಿಧಿಸುತ್ತದೆ, ಬಡ್ಡಿ ಹರಾಮ್ ಎಂದು ಅಸಲನ್ನೂ ಹಿಡಿದಿಟ್ಟುಕೊಳ್ಳುವವರಿದ್ದಾರೆ. ಬಡ್ಡಿಯಿಂದ ದೂರವಿರಬಯಸುವವನು ಗಡುವಿನೊಳಗೇ ಪಾವತಿಸಬೇಕಲ್ಲವೇ? ಶಕ್ತಿಯಿದ್ದೂ ಸಾಲ ತೀರಿಸಲು ತಡಮಾಡುವುದು ಅಕ್ರಮವೆಂದು ಹದೀಸ್ ಎಚ್ಚರಿಸಿರುವುದನ್ನು ಇವರು ಮರೆಯುವುದೇಕೆ?

ಹಾಗೆಂದು ಎಲ್ಲ ತಪ್ಪನ್ನೂ ನಿವಾಸಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಹೆಚ್ಚು ಪಾಲುಳ್ಳ ದೊಡ್ಡ ಫ್ಲ್ಯಾಟಿನ ಶ್ರೀಮಂತನಿಗೂ ಒಂದು ಕೋಣೆಯ ವಿಧವೆಗೂ ಒಂದೇ ಮೊತ್ತ ನಿಗದಿಪಡಿಸುವುದು ಕಾನೂನು ಹೇಳುವ ಪ್ರಮಾಣವೂ ಅಲ್ಲ, ಕರುಣೆಯೂ ಅಲ್ಲ. ವರ್ಷಕ್ಕೊಮ್ಮೆಯಾದರೂ ಲೆಕ್ಕಪತ್ರ ಮಂಡಿಸದ ಸಂಘಕ್ಕೆ ಬಾಕಿ ಕೇಳುವ ನೈತಿಕ ಬಲವಿರುವುದಿಲ್ಲ. ಹಬ್ಬಗಳ ಖರ್ಚನ್ನು, ಅದು ಈದ್ ಆಗಿರಲಿ, ಗಣೇಶ ಚತುರ್ಥಿಯಾಗಿರಲಿ, ನಿರ್ವಹಣಾ ಶುಲ್ಕದೊಂದಿಗೆ ಬೆರೆಸದೆ ಇಚ್ಛೆಯುಳ್ಳವರಿಂದ ಪ್ರತ್ಯೇಕವಾಗಿ ಸಂಗ್ರಹಿಸುವುದು ಸೌಹಾರ್ದಕ್ಕೂ ಹಿತ. ಬಿಲ್ಡರ್‌ಗಳೂ ಹೊಣೆಮುಕ್ತರಲ್ಲ. ಸಂಘವು ನಿರ್ವಹಣೆಯನ್ನು ವಹಿಸಿಕೊಳ್ಳುವ ತನಕ ಅಗತ್ಯ ಸೇವೆಗಳನ್ನು ನ್ಯಾಯಯುತ ಶುಲ್ಕದಲ್ಲಿ ಒದಗಿಸುವುದು, ಹಸ್ತಾಂತರದ ಬಳಿಕ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡುಬಂದರೆ ಉಚಿತವಾಗಿ ಸರಿಪಡಿಸುವುದು ರೇರಾ ಪ್ರಕಾರ ಅವರ ಕರ್ತವ್ಯ. ಅಂತಹ ದೋಷದ ದುರಸ್ತಿಗೆ ನಿವಾಸಿಗಳಿಂದ ವಂತಿಗೆ ಎತ್ತುವ ಮುನ್ನ ಸಂಘಗಳು ಇದನ್ನು ಅರಿತಿರಬೇಕು.

ಫ್ಲ್ಯಾಟ್ ಕೊಳ್ಳುವಾಗ ಚದರಡಿಯ ದರಕ್ಕಾಗಿ ತಿಂಗಳುಗಟ್ಟಲೆ ಚೌಕಾಸಿ ಮಾಡುವ ನಾವು, ಸಂಘದ ನಿಯಮಾವಳಿಯನ್ನು ಓದದೆ ಸಹಿ ಹಾಕುತ್ತೇವೆ. ನಿಯಮ ಅನ್ಯಾಯವೆನಿಸಿದರೆ ಮಹಾಸಭೆಗೆ ಹೋಗಿ ಪ್ರಶ್ನಿಸಬೇಕು, ಬದಲಾಯಿಸಲು ಶ್ರಮಿಸಬೇಕು. ಹಣ ತಡೆಹಿಡಿಯುವುದು ಅದಕ್ಕೆ ಉತ್ತರವಲ್ಲ. ನಿಜವಾಗಿಯೂ ಕಷ್ಟದಲ್ಲಿರುವ ನೆರೆಮನೆಯವರ ಪಾಲನ್ನು, ಅವರ ಧರ್ಮ ಯಾವುದೆಂದು ನೋಡದೆ, ಉಳ್ಳವರು ಸದ್ದಿಲ್ಲದೆ ಭರಿಸಲಿ. ಕರಾರು ಪಾಲಿಸುವುದು ಮತ್ತು ನೆರೆಯವನ ಹಕ್ಕು ಸಲ್ಲಿಸುವುದು ಮಸೀದಿಯೊಳಗೆ ಕೇಳಿ ಅಲ್ಲೇ ಬಿಟ್ಟುಬರುವ ಪಾಠಗಳಲ್ಲ. ತಿಂಗಳ ಮೊದಲ ವಾರ ಶುಲ್ಕದ ರಶೀದಿ ಪಡೆಯುವಾಗಲೂ ನಮ್ಮ ದೀನ್ ಪರೀಕ್ಷೆಗೊಳಗಾಗುತ್ತದೆ.