ಅವ್ವನ ಮರೆವು ಕಾಯುವುದಿಲ್ಲ

ಸವದತ್ತಿ ಸೀಮೆಯ ಯಾವ ಹಳ್ಳಿಗೆ ಹೋದರೂ ಗುಡಿಕಟ್ಟೆಯ ಮೇಲೆ ಕೂತವರಲ್ಲಿ ತಲೆ ನರೆತವರೇ ಹೆಚ್ಚು. ದುಡಿಯುವ ವಯಸ್ಸಿನ ಅನೇಕರು ಹುಬ್ಬಳ್ಳಿ, ಪುಣೆ, ಗೋವಾ, ಬೆಂಗಳೂರು ಸೇರಿದ್ದಾರೆ. ಊರಲ್ಲುಳಿದ ಅಪ್ಪ-ಅವ್ವನಿಗೆ ಮೊಣಕಾಲು ನೋವು, ಬಿಪಿ, ಶುಗರ್ ಇರುವುದು ಮಕ್ಕಳಿಗೆ ಗೊತ್ತು. ಬಂದಾಗೊಮ್ಮೆ ಗುಳಿಗೆ ತಂದಿಟ್ಟು ಹೋಗುತ್ತಾರೆ. ಇವುಗಳ ಜೊತೆಗೇ ಸದ್ದಿಲ್ಲದೆ ಮನೆ ಹೊಕ್ಕಿರುವ ಇನ್ನೊಂದು ಕಾಯಿಲೆ ಯಾರ ಲೆಕ್ಕಕ್ಕೂ ಬಂದಿಲ್ಲ. ನೆನಪು, ವಿವೇಚನೆ, ಮಾತು, ನಡವಳಿಕೆ ಎಲ್ಲವನ್ನೂ ಒಂದೊಂದಾಗಿ ಕಸಿದುಕೊಳ್ಳುವ ಆ ಕಾಯಿಲೆಯ ಹೆಸರು ಡಿಮೆನ್ಷಿಯಾ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲ್ಲೂಕುಗಳ ಮನೆಗಳೂ ಕಚೇರಿಗಳೂ ಇದಕ್ಕೆ ಈಗಲೇ ಅಣಿಯಾಗಬೇಕು. ತಡವಾದಷ್ಟೂ ಮಾಡಬಹುದಾದದ್ದು ಕಡಿಮೆಯಾಗುತ್ತ ಹೋಗುವ ಕಾಯಿಲೆಯಿದು.

ಇದು ಪಟ್ಟಣದ, ಓದಿದವರ ರೋಗ ಎಂಬ ಭಾವನೆ ನಮ್ಮಲ್ಲಿದೆ. ಅಂಕಿಅಂಶ ಹೇಳುವುದೇ ಬೇರೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ನಗರಗಳಲ್ಲಿ ಈ ಪ್ರಮಾಣ ಶೇ 5.3, ಹಳ್ಳಿಗಳಲ್ಲಿ ಶೇ 8.4. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಒಂದು ಊರಿನಲ್ಲಿ ಅರವತ್ತು ದಾಟಿದವರು ಮುನ್ನೂರು ಮಂದಿ ಇದ್ದಾರೆ ಎಂದುಕೊಳ್ಳಿ. ಹಳ್ಳಿಗಳ ಸರಾಸರಿ ಹಿಡಿದರೆ ಅವರಲ್ಲಿ ಇಪ್ಪತ್ತೈದು ಜನರಿಗೆ ಈ ಕಾಯಿಲೆ ಇರಬಹುದು. ಆ ಇಪ್ಪತ್ತೈದು ಮನೆ ಯಾವುವು ಎಂದು ಊರಿನ ಆಶಾ ಕಾರ್ಯಕರ್ತೆಗೂ ಗೊತ್ತಿಲ್ಲ, ಪಂಚಾಯ್ತಿಗೂ ಗೊತ್ತಿಲ್ಲ. ಎಷ್ಟೋ ಸಲ ಆ ಮನೆಯವರಿಗೇ ಗೊತ್ತಿರುವುದಿಲ್ಲ.

ಗೊತ್ತಾಗದಿರುವುದಕ್ಕೆ ಕಾರಣವಿದೆ. ಮೊದಲ ಲಕ್ಷಣಗಳು ಕಾಯಿಲೆಯ ಹಾಗೆ ಕಾಣುವುದೇ ಇಲ್ಲ. ಐವತ್ತು ವರ್ಷ ರೊಟ್ಟಿ ಬಡಿದ ಕೈ ಸಾರಿಗೆ ಎರಡು ಸಲ ಉಪ್ಪು ಹಾಕುತ್ತದೆ. ಎತ್ತು ಮಾರಿ ಹತ್ತು ವರ್ಷವಾದ ಮೇಲೆ ಅಪ್ಪ ಹೊತ್ತು ಮುಳುಗುವಾಗ, "ಎತ್ತಿಗೆ ನೀರ ಕುಡಿಸಿದ್ರೇನ?" ಎಂದು ಕೇಳುತ್ತಾನೆ. ಪಿಂಚಣಿ ರೊಕ್ಕವನ್ನು ತಾನೇ ಅಕ್ಕಿ ಡಬ್ಬಿಯಲ್ಲಿಟ್ಟು ಮರೆತ ಅತ್ತೆ, "ಸೊಸಿ ಕದ್ದಾಳ" ಎಂದು ಓಣಿಗೆಲ್ಲ ಕೇಳಿಸುವಂತೆ ಕೂಗುತ್ತಾಳೆ. ಹಗಲಿಡೀ ಊಟ-ಸ್ನಾನ ನೋಡಿಕೊಂಡ ಸೊಸೆಗೆ ಕಳ್ಳಿಯ ಪಟ್ಟ. ವಾರಕ್ಕೊಮ್ಮೆ ಫೋನ್ ಮಾಡುವ ಮಗನೊಡನೆ ಎರಡು ನಿಮಿಷ ಸರಿಯಾಗಿಯೇ ಮಾತಾಡುವ ಅವ್ವ, ಇಡುತ್ತಲೇ ಯಾರ ಜೊತೆ ಮಾತಾಡಿದೆನೆಂಬುದನ್ನು ಮರೆತಿರುತ್ತಾಳೆ. ದೂರದ ಮಗ ಹೆಂಡತಿಯ ಮಾತು ನಂಬುವುದಿಲ್ಲ, ಅಕ್ಕ-ತಂಗಿಯರು ಅತ್ತಿಗೆಯ ಮಾತು ನಂಬುವುದಿಲ್ಲ. ಕಾಯಿಲೆಗೆ ಹೆಸರು ಸಿಗುವ ಮೊದಲೇ ಮನೆ ಎರಡಾಗಿರುತ್ತದೆ.

ಎಲ್ಲ ಮರೆವೂ ಡಿಮೆನ್ಷಿಯಾ ಅಲ್ಲ ಎಂಬುದು ನಿಜ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಲಕ್ಷಣವಿರಬಹುದು. ನಿತ್ಯದ ಕೆಲಸ ಕೆಡುತ್ತಿದ್ದರೆ, ಬಳಸಿದ ದಾರಿ ತಪ್ಪುತ್ತಿದ್ದರೆ, ರೊಕ್ಕದ ಲೆಕ್ಕ ಹತ್ತದಿದ್ದರೆ, ಶಾಂತ ಸ್ವಭಾವದವರು ಇದ್ದಕ್ಕಿದ್ದಂತೆ ಸಂಶಯಪಡತೊಡಗಿದರೆ ಅದು ಬೇರೆ ಮಾತು. ನಮ್ಮಲ್ಲಿ ಇವೆಲ್ಲಕ್ಕೂ ಒಂದೇ ಉತ್ತರ ಸಿದ್ಧವಿದೆ: "ವಯಸ್ಸಾದ ಮ್ಯಾಲ ಹಿಂಗ ಬಿಡ್ರಿ, ಅರವತ್ತಕ್ಕ ಅರಳು ಮರಳು." ಈ ಒಂದು ಮಾತಿನಿಂದ ದವಾಖಾನೆಯ ದಾರಿ ಎರಡು-ಮೂರು ವರ್ಷ ಮುಚ್ಚಿಹೋಗುತ್ತದೆ.

ಆ ಎರಡು-ಮೂರು ವರ್ಷವೇ ಬಹಳ ಬೆಲೆಯುಳ್ಳದ್ದು. ಮೊದಲನೆಯ ಕಾರಣ ವೈದ್ಯಕೀಯ. ಡಿಮೆನ್ಷಿಯಾದಂತೆ ಕಾಣುವ ಹಲವು ತೊಂದರೆಗಳಿಗೆ ಚಿಕಿತ್ಸೆಯಿದೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಕುಂದುವುದು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮೂತ್ರದ ಸೋಂಕು, ಖಿನ್ನತೆ, ಒಂದಕ್ಕೊಂದು ಹೊಂದದ ಗುಳಿಗೆಗಳು, ಬಚ್ಚಲಲ್ಲಿ ಜಾರಿ ಬಿದ್ದಾಗ ತಲೆಬುರುಡೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೆಲ್ಲವೂ ಹಿರಿಯರನ್ನು ಮಂಕಾಗಿಸುತ್ತವೆ. ಕಿವಿ ಕೇಳದವರೂ ಕಣ್ಣಿನ ಪೊರೆ ಬಂದವರೂ ಎಷ್ಟೋ ಸಲ ಮರೆಗುಳಿಗಳೆನಿಸಿಕೊಳ್ಳುತ್ತಾರೆ. ಕೆಲವು ರಕ್ತಪರೀಕ್ಷೆ, ಬೇಕಾದರೆ ಒಂದು ಸ್ಕ್ಯಾನ್, ಮನೆಯವರ ಜೊತೆ ಅರ್ಧ ಗಂಟೆ ಮಾತುಕತೆ, ಇಷ್ಟರಿಂದ ಬಹಳಷ್ಟು ತಿಳಿಯುತ್ತದೆ. ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಜೈಮರ್ ಎಂದೇ ಗೊತ್ತಾದರೆ ಅದನ್ನು ಪೂರ್ತಿ ವಾಸಿಮಾಡುವ ಔಷಧ ಇಲ್ಲ. ಡೊನೆಪೆಜಿಲ್‌ನಂಥ ಗುಳಿಗೆಗಳು ಕೆಲವರಿಗೆ ಕೆಲಕಾಲ ನೆರವಾಗುತ್ತವೆ. ಮಿದುಳಿನ ರಕ್ತನಾಳ ಕಟ್ಟಿ ಬಂದ ಡಿಮೆನ್ಷಿಯಾ ಆದರೆ ಬಿಪಿ-ಶುಗರ್ ಹತೋಟಿಯಲ್ಲಿಟ್ಟು ಇನ್ನಷ್ಟು ಹಾನಿಯಾಗದಂತೆ ತಡೆಯಬಹುದು.

ಎಲ್ಲಿಗೆ ಹೋಗುವುದು? ಸವದತ್ತಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿ ಧಾರವಾಡದ ಡಿಮ್ಹಾನ್ಸ್ ಇದೆ. ಇದು ಸರ್ಕಾರಿ ಸಂಸ್ಥೆ, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಎರಡಕ್ಕೂ ಮೀಸಲು. ಆದರೆ 1845ರಿಂದ ಹುಚ್ಚಾಸ್ಪತ್ರೆ ಎಂದೇ ಹೆಸರಾದ ಜಾಗವದು. "ನಿನ್ನ ಧಾರವಾಡಕ್ಕ ಒಯ್ಯಬೇಕು" ಎಂಬುದು ನಮ್ಮ ಕಡೆ ಇವತ್ತಿಗೂ ಬೈಗುಳ. ಹೆತ್ತವ್ವನನ್ನು ಅಲ್ಲಿಗೆ ಕರೆದೊಯ್ದರೆ ಊರು ಏನಂದೀತು ಎಂಬ ಅಂಜಿಕೆಯಿಂದ ಮಕ್ಕಳು ಬಸ್ ಹತ್ತುವುದಿಲ್ಲ. ಈ ಅಂಜಿಕೆ ಬಿಡಬೇಕು. ಅಷ್ಟು ದೂರ ಹೋಗುವ ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಮಟ್ಟದಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ರಾಜ್ಯದಲ್ಲಿದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಹಿರಿಯರ ಸಹಾಯವಾಣಿ 14567 ಇದೆ. ದವಾಖಾನೆಗೆ ಹೋಗುವಾಗ ಒಂದು ಹಾಳೆಯಲ್ಲಿ ಏನೇನು ಬದಲಾಗಿದೆ, ಯಾವಾಗಿನಿಂದ, ಯಾವ ಗುಳಿಗೆ ನಡೆದಿದೆ ಎಂದು ಬರೆದುಕೊಂಡು ಹೋಗಿ. ಜೊತೆಗೆ ಹೋಗಬೇಕಾದವರು ದಿನವೂ ನೋಡಿಕೊಳ್ಳುವ ಸೊಸೆ ಅಥವಾ ಮಗಳು. ಪರವೂರಿನಿಂದ ಬಂದಿಳಿದ ಮಗನೊಬ್ಬನೇ ಹೋದರೆ ವೈದ್ಯರಿಗೆ ಅರ್ಧ ಕಥೆಯಷ್ಟೇ ಸಿಗುತ್ತದೆ.

ಎರಡನೆಯ ಕಾರಣ ಕಾಗದಪತ್ರ. ಹೊಲ-ಮನೆ ಇರುವ ನಮ್ಮ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಕಾನೂನಿನ ದೃಷ್ಟಿಯಲ್ಲಿ ಸ್ವಸ್ಥಚಿತ್ತ ಇಲ್ಲದವರು ಮಾಡಿದ ಕರಾರು ನಿಲ್ಲುವುದಿಲ್ಲ. ಅಪ್ಪ ಚೆನ್ನಾಗಿದ್ದಾಗ ಬರೆದುಕೊಟ್ಟ ಮುಖ್ತ್ಯಾರಪತ್ರವೂ ಆತ ಬುದ್ಧಿಸ್ವಾಧೀನ ಕಳೆದುಕೊಂಡ ದಿನವೇ ಮುಗಿಯುತ್ತದೆ. 1872ರ ಕರಾರು ಕಾಯ್ದೆಯ 201ನೇ ಕಲಮು ಹೇಳುವುದು ಅದನ್ನೇ. ಆಮೇಲೆ ಬ್ಯಾಂಕಿನ ರೊಕ್ಕ ತೆಗೆಯಲೂ ಕೋರ್ಟಿನ ಬಾಗಿಲು ತಟ್ಟಬೇಕಾದೀತು. ಹೀಗಾಗಿ ಉಯಿಲು, ಬ್ಯಾಂಕಿನ ಜಂಟಿ ಖಾತೆ, ನಾಮಿನಿ, ಉತಾರದಲ್ಲಿ ಆಗಬೇಕಾದ ತಿದ್ದುಪಡಿ, ಮುಂದೆ ಚಿಕಿತ್ಸೆಯ ತೀರ್ಮಾನ ಯಾರು ಮಾಡಬೇಕೆಂಬ ಹೇಳಿಕೆ, ಎಲ್ಲವೂ ಅಪ್ಪ-ಅವ್ವ ತಿಳಿದು ಹೇಳಬಲ್ಲ ದಿನಗಳಲ್ಲೇ ಆಗಬೇಕು, ಮಕ್ಕಳೆಲ್ಲರ ಎದುರಿಗೇ ಆಗಬೇಕು. ಏನೂ ತಿಳಿಯದ ಮುದುಕಿಯ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿಕೊಳ್ಳುವುದು ಆರೈಕೆಯಲ್ಲ, ಮೋಸ. ದಾನಪತ್ರ ಮಾಡಿಸುವುದಾದರೆ ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತು ಅದರಲ್ಲಿ ಬರೆದಿರಲಿ. ಷರತ್ತು ಮುರಿದರೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಅದನ್ನು ರದ್ದುಪಡಿಸಲು ಬರುತ್ತದೆ. ಅದೇ ಕಾಯ್ದೆಯಡಿ ಜೀವನಾಂಶ ಕೇಳಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಿದೆ. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅದು ಬೈಲಹೊಂಗಲದಲ್ಲಿ.

ಈ ಕಷ್ಟ ಬಡವರಿಗಷ್ಟೇ ಎಂದುಕೊಳ್ಳಬೇಡಿ. ಮಂಗಳೂರಿನಲ್ಲಿ ಹುಟ್ಟಿ ದೇಶದ ರಕ್ಷಣಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರಿಗೆ ಅಲ್ಜೈಮರ್ ಬಂದಾಗ, ಅವರು ಯಾರ ಹತ್ತಿರ ಇರಬೇಕೆಂಬ ಹೆಂಡತಿ ಮತ್ತು ಸಹೋದರರ ಜಗಳ 2010ರಲ್ಲಿ ದೆಹಲಿ ಹೈಕೋರ್ಟಿನವರೆಗೆ ಹೋಯಿತು. ಕಾರ್ಮಿಕರ ಪರವಾಗಿ ಇಡೀ ದೇಶಕ್ಕೆ ಕೇಳಿಸುವಂತೆ ಮಾತಾಡಿದ ಮನುಷ್ಯ ತನ್ನ ಬಗ್ಗೆ ತಾನೇ ಹೇಳಲಾರದ ಸ್ಥಿತಿಗೆ ಬಂದಿದ್ದರು.

ಮೂರನೆಯ ಕಾರಣ ನೋಡಿಕೊಳ್ಳುವವರ ಜೀವ. ಈ ಆರೈಕೆ ಒಂದು ದಿನದ್ದಲ್ಲ, ವರ್ಷಗಟ್ಟಲೆಯದು. ರಾತ್ರಿ ನಿದ್ದೆಯಿಲ್ಲ, ಹಗಲು ಕೂಲಿಯಿಲ್ಲ. ಸಂಜೆಯಾಗುತ್ತಲೇ ಅವ್ವ ಸೀರೆ ಗಂಟು ಕಟ್ಟಿ, "ನಾ ನಮ್ಮನಿಗೆ ಹೊಂಟೆ" ಎಂದು ಬಾಗಿಲಿಗೆ ಬರುತ್ತಾಳೆ. ಆಕೆಯ ಮನಸ್ಸಿನಲ್ಲಿರುವುದು ಅರವತ್ತು ವರ್ಷದ ಹಿಂದಿನ ತವರು. "ಇದ ನಿನ್ನ ಮನಿ, ಸುಮ್ನ ಕುಂದ್ರ" ಎಂದು ಗದರಿದರೆ ಜಗಳ ಬೆಳೆಯುತ್ತದೆ. "ಹೋಗೂಣಂತ ಯವ್ವಾ, ಮೊದ್ಲ ಒಂದ್ ಕಪ್ ಚಾ ಕುಡಿ" ಎಂದು, ಹನುಮಪ್ಪನ ಗುಡಿಯವರೆಗೆ ಕೈಹಿಡಿದು ನಡೆಸಿ ತಿರುಗಿ ಕರೆತಂದರೆ ಬಹಳ ಸಲ ಆಕೆ ಸಮಾಧಾನಗೊಳ್ಳುತ್ತಾಳೆ. ಇಂಥ ಉಪಾಯ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ಕಲಿಸಬೇಕು. ಕಲಿಸಲು ದೊಡ್ಡ ಡಾಕ್ಟರರೇ ಬೇಕೆಂದಿಲ್ಲ. ನಮ್ಮ ಮಗ್ಗುಲ ಗೋವಾದ ಎರಡು ತಾಲ್ಲೂಕುಗಳಲ್ಲಿ 81 ಕುಟುಂಬಗಳ ನಡುವೆ ಒಂದು ಪ್ರಯೋಗ ನಡೆದು, 2008ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ಮನೆಗೆ ಹೋಗಿ ಸಲಹೆ ಕೊಟ್ಟಾಗ ಆರೈಕೆ ಮಾಡುವವರ ಮನಸ್ಸಿನ ಭಾರ ಇಳಿದದ್ದು ಕಂಡುಬಂತು. ಗೋವಾದಲ್ಲಿ ಆದದ್ದು ಮುನವಳ್ಳಿಯಲ್ಲಿ, ಯರಗಟ್ಟಿಯಲ್ಲಿ ಆಗಬಾರದೇಕೆ?

ರಾಜ್ಯ ಸುಮ್ಮನೆ ಕೂತಿಲ್ಲ. ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಜಯನಗರಗಳಲ್ಲಿ ಕ್ಲಿನಿಕ್ ತೆರೆಯಿತು, ಬಳಿಕ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಜಿಲ್ಲಾ ಆಸ್ಪತ್ರೆಯವರೆಗೆ ಬಂದ ಯೋಜನೆ ರಾಮದುರ್ಗದ ನೇಕಾರರ ಮನೆಗೆ ತಲುಪುವುದು ಹೇಗೆ ಎಂಬುದೇ ಈಗಿನ ಪ್ರಶ್ನೆ. ಬಿಪಿ-ಶುಗರ್ ನೋಡಲು ಮನೆಬಾಗಿಲಿಗೆ ಬರುವ ಸಿಬ್ಬಂದಿ ನೆನಪಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರೆ ಪ್ರತ್ಯೇಕ ವೆಚ್ಚವೇನೂ ಇಲ್ಲ. ಪ್ರಶ್ನೆ ಮಾತ್ರ ನಮ್ಮ ಜನಕ್ಕೆ ಹೊಂದಬೇಕು. ಶಾಲೆ ಕಾಣದ ಅಜ್ಜಿಗೆ ತಾರೀಖು ಕೇಳಿ ಫೇಲು ಮಾಡಬಾರದು. ಯಾವ ಹುಣ್ಣಿಮೆ ಹತ್ತಿರ ಬಂತು, ನಿನ್ನೆ ಸಂತೆಯಿಂದ ಏನು ತಂದಿರಿ ಎಂದು ಕೇಳಬೇಕು. ಕನ್ನಡದಲ್ಲೇ ಪರೀಕ್ಷಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಸಾಧನಗಳಿವೆ, ಅವು ಬೆಂಗಳೂರಿನಲ್ಲೇ ಉಳಿಯಬಾರದು.

ಸವದತ್ತಿಗೆ ಇನ್ನೊಂದು ವಿಶೇಷ ಹೊಣೆಯಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ, ಅವರಲ್ಲಿ ಹಿರಿಯರು ಬಹಳ. ಜೋಗುಳಬಾವಿಯ ನೂಕಿನಲ್ಲಿ ಕೈಬಿಟ್ಟ ಮಗು ಅಳುತ್ತದೆ, ಯಾರಾದರೂ ಎತ್ತಿಕೊಳ್ಳುತ್ತಾರೆ. ಕೈಬಿಟ್ಟ ಮುದುಕ ಸುಮ್ಮನೆ ನಡೆದು ಹೋಗುತ್ತಾನೆ, ಯಾರಿಗೂ ಅನುಮಾನ ಬರುವುದಿಲ್ಲ. ಕಾಣೆಯಾದವರ ಪ್ರಕಟಣೆಯ ಮಾತನ್ನೇ ಹೆಸರಾಗಿಸಿಕೊಂಡು 2016ರಲ್ಲಿ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದಲ್ಲಿ ಅನಂತ್ ನಾಗ್ ಅವರ ಪಾತ್ರಕ್ಕೆ ಆದದ್ದೂ ಇದೇ. ಜಾತ್ರೆಗೆ ಬರುವ ಹಿರಿಯರ ಕಿಸೆಯಲ್ಲಿ, ಸೆರಗಿನಲ್ಲಿ ಹೆಸರು-ಊರು-ಫೋನ್ ನಂಬರಿನ ಚೀಟಿ ಇರಲಿ. ದಾರಿ ತಪ್ಪಿದ ಹಿರಿಯರಿಗೆ ಗುಡ್ಡದ ಮೇಲೆ ಒಂದು ಟೇಬಲ್, ಒಂದು ಮೈಕು, ಇಬ್ಬರು ಸ್ವಯಂಸೇವಕರು ಸಾಕು.

ಹೀಗಾಗಿ ನಾವು ಕೇಳುವುದು ದೊಡ್ಡದೇನಲ್ಲ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳು ನೆನಪಿನ ತಪಾಸಣೆಗೆ ಒಂದು ದಿನ ಗೊತ್ತುಮಾಡಿ ಬಾಗಿಲಿಗೆ ಬೋರ್ಡ್ ಹಾಕಲಿ. ಆಶಾ ಕಾರ್ಯಕರ್ತೆಯರಿಗೆ ಡಿಮ್ಹಾನ್ಸ್‌ನವರು ತರಬೇತಿ ಕೊಡಲಿ, ಅದರ ಭತ್ಯೆಯೂ ಸಿಗಲಿ. ಕಾಯಿಲೆ ಬಲಿತವರಿಗೆ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿಕೊಡಲು ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು ಮನೆಗೇ ಹೋಗಲಿ. ಉಪವಿಭಾಗಾಧಿಕಾರಿಗಳು ಆರೋಗ್ಯ, ಪೊಲೀಸ್, ದೇವಸ್ಥಾನದ ಆಡಳಿತ ಮೂವರನ್ನೂ ಬನದ ಹುಣ್ಣಿಮೆಯೊಳಗೆ ಒಂದು ಸಭೆಗೆ ಕರೆಯಲಿ. ಮಕ್ಕಳ ಪಾಲಿನ ಕೆಲಸಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಅವ್ವನ ಹತ್ತಿರ ಅರ್ಧ ದಿನ ಕೂತು ನೋಡಿ, ಆಕೆಯನ್ನು ನೋಡಿಕೊಳ್ಳುವವರ ಮಾತನ್ನು ನಂಬಿ, ರಜೆ ಮುಗಿಯುವ ಮೊದಲು ದವಾಖಾನೆಗೆ ಕರೆದೊಯ್ಯಿರಿ.