ಪೇರಲಹಣ್ಣಿನ ಜೆಲ್ಲಿ

ಪೇಟೆಯ ಕೆಲವು ಜೆಲ್ಲಿಗಳಲ್ಲಿ ಜೆಲಟಿನ್ ಬೆರೆಸಿರುತ್ತಾರೆ. ಅದು ಪ್ರಾಣಿಗಳ ತೊಗಲು, ಎಲುಬುಗಳಿಂದ ತೆಗೆದುದೆಂದು ತಿಳಿದ ದಿನವೇ ಅಂತಹ ಪೊಟ್ಟಣಗಳನ್ನು ಮನೆಗೆ ತರುವುದನ್ನು ನಿಲ್ಲಿಸಿದೆವು. ಮಕ್ಕಳ ಮೋರೆ ಬಾಡಿತು. ಹಣ್ಣಿನಲ್ಲೇ ಇರುವ ಪೆಕ್ಟಿನ್ನಿನಿಂದಲೂ ಜೆಲ್ಲಿ ಹೆಪ್ಪುಗಟ್ಟುವುದೆಂದೂ, ಪೇರಲದಲ್ಲಿ, ಅಂದರೆ ಸೀಬೆಯಲ್ಲಿ, ಅದು ಹೇರಳವೆಂದೂ ಓದಿ ನಾವೇ ಮಾಡಲು ತೊಡಗಿದೆವು.

ಮೊದಲ ಸಲ ಸೋತೆವು. ಪರಿಮಳಕ್ಕೆ ಮರುಳಾಗಿ ಪೂರ್ತಿ ಮಾಗಿದ ಹಣ್ಣನ್ನೇ ಆರಿಸಿದ್ದೆವು. ಹಣ್ಣು ಮಾಗಿದಂತೆಲ್ಲ ಪೆಕ್ಟಿನ್ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಸಾಲದುದಕ್ಕೆ ಅವಸರದಿಂದ ಬಟ್ಟೆಯನ್ನು ಹಿಂಡಿದ್ದರಿಂದ ರಸವೂ ರಾಡಿಯಾಯಿತು. ಬೆಳಗ್ಗೆ ನೋಡಿದರೆ ಸೀಸೆಯಲ್ಲಿ ಪಾನಕ! ಚಪಾತಿಗೆ ಹಚ್ಚಿಕೊಂಡು ಮುಗಿಸಿದ್ದಾಯಿತು.

ಎರಡನೆಯ ಸಲ 1 ಕಿಲೋ ದೋರೆಗಾಯಿಗಳನ್ನು ಸಿಪ್ಪೆ, ಬೀಜಸಹಿತ ಹೆಚ್ಚಿ, ಮುಳುಗುವಷ್ಟು ನೀರೆರೆದು ಅರ್ಧ ಗಂಟೆ ಬೇಯಿಸಿದೆವು. ತೆಳುಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿದೆವು, ಹಿಂಡಲಿಲ್ಲ. ಇಳಿದ ತಿಳಿರಸ 1 ಬಟ್ಟಲಿಗೆ ಮುಕ್ಕಾಲು ಬಟ್ಟಲು ಸಕ್ಕರೆ. ಒಟ್ಟಿಗೆ 2 ಲಿಂಬೆಹಣ್ಣಿನ ರಸ. ಸಹೋದರಿಯರು ಲಿಂಬೆಯನ್ನು ಬಿಡಬಾರದು, ಹುಳಿಯಿಲ್ಲದೆ ಪೆಕ್ಟಿನ್ ಹೆಪ್ಪುಗಟ್ಟದು. ನೊರೆ ಉಕ್ಕುವುದರಿಂದ ಪಾತ್ರೆ ದೊಡ್ಡದಿರಲಿ. ಸೌಟಿನ ಅಂಚಿನಿಂದ ಹನಿಗಳು ಬಿಡಿಬಿಡಿಯಾಗಿ ಬೀಳದೆ, ಒಂದಕ್ಕೊಂದು ಕೂಡಿ ಹಾಳೆಯಂತೆ ಇಳಿದಾಗ ಒಲೆ ಆರಿಸಬೇಕು. ಉಷ್ಣಮಾಪಕವಿದ್ದವರು ಸುಮಾರು 105 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಬಹುದು. ಅದಕ್ಕೂ ಮೀರಿ ಕುದಿಸಿದರೆ ಅಂಟಂಟಾಗುತ್ತದೆ.

ನೀರಿನಲ್ಲಿ ಕುದಿಸಿ ಒಣಗಿಸಿದ ಬೆಚ್ಚನೆಯ ಗಾಜಿನ ಸೀಸೆಗೆ ಬಿಸಿಯಿರುವಾಗಲೇ ತುಂಬಿದೆವು. ಮರುದಿನ ಸೀಸೆಯನ್ನು ಓರೆ ಮಾಡಿದಾಗ ಜೆಲ್ಲಿ ಕದಲಲಿಲ್ಲ. ಬಣ್ಣ ಬೆರೆಸದಿದ್ದರೂ ನಸುಗೆಂಪು. ಕಿರಿಯ ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದರಲ್ಲಿ ಎಲುಬು ಇಲ್ಲವಷ್ಟೆ ಎಂದು ಮತ್ತೊಮ್ಮೆ ಕೇಳಿ, ಆಮೇಲೆ ಚಮಚ ಹಾಕಿದಳು.