ಸೂಟ್‌ಕೇಸಿನಲ್ಲಿ ಊರಿಗೆ ಹೋಗುವ ಲ್ಯಾಪ್‌ಟಾಪ್

ಸಿಂಗಪುರದ ಬುಕಿತ್ ಬಾಟೋಕ್‌ನ ಬಹುಮಹಡಿ ಮನೆಗಳಿಂದ ರಜೆಗೆ ಊರಿಗೆ ಹೊರಡುವ ಕನ್ನಡ ಕುಟುಂಬಗಳ ಸೂಟ್‌ಕೇಸಿನಲ್ಲಿ ಚಾಕೊಲೇಟು ಮತ್ತು ನೋವಿನೆಣ್ಣೆಯ ಪುಟ್ಟ ಸೀಸೆಗಳ ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಲ್ಯಾಪ್‌ಟಾಪೊಂದು ಇರುವುದು ಅಪರೂಪವಲ್ಲ. ಮನೆಗೆ ಹೊಸದು ಬಂದಿರುತ್ತದೆ. ಎಂಟೋ ಹತ್ತೋ ವರ್ಷ ದುಡಿದ ಹಳೆಯದು ಇನ್ನೂ ಗಟ್ಟಿಮುಟ್ಟಾಗಿಯೇ ಇರುತ್ತದೆ. ಶಿವಮೊಗ್ಗದಲ್ಲೋ ಹಾಸನದಲ್ಲೋ ಇರುವ ಅಪ್ಪನಿಗೆ ಪತ್ರಿಕೆ ಓದಲು, ನಾಲ್ಕು ಪುಟ ಬರೆಯಲು, ಮೊಮ್ಮಗಳ ಮುಖ ನೋಡಲು ಅಷ್ಟು ಸಾಕು. ಕಾರಿಡಾರಿನಲ್ಲಿ ಹಾರ್ನ್ ಒತ್ತುತ್ತ ಬರುವ ಕಾರುಂಗ್ ಗುನಿಯವನಿಗೆ, ಅಂದರೆ ಆ ಊರಿನ ಗುಜರಿಯವನಿಗೆ, ಕೊಡುವುದಕ್ಕಿಂತ ಇದು ಮೇಲು ಎಂಬ ಭಾವನೆ ಸಹಜವಾದದ್ದೇ.

2025ರ ಅಕ್ಟೋಬರ್ 14ರ ನಂತರ ಈ ಉಡುಗೊರೆಯ ಅರ್ಥ ಬದಲಾಗಿದೆ. ಅಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ನೀಡುತ್ತಿದ್ದ ಉಚಿತ ಬೆಂಬಲವನ್ನು ನಿಲ್ಲಿಸಿತು. ಯಂತ್ರ ನಿಲ್ಲಲಿಲ್ಲ, ಗುಂಡಿ ಒತ್ತಿದರೆ ಎಂದಿನಂತೆ ಚಾಲೂ ಆಗುತ್ತದೆ. ನಿಂತದ್ದು ಭದ್ರತೆಯ ತೇಪೆ. ತಂತ್ರಾಂಶದಲ್ಲಿ ಹೊಸ ತೂತು ಪತ್ತೆಯಾದರೆ ಅದನ್ನು ಮುಚ್ಚುವವರಿಲ್ಲ. ಇದು ಕೇವಲ ಹೆದರಿಸುವ ಮಾತಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳವರೆಗೆ ನುಗ್ಗಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿದಾಗ, ಬಲಿಯಾದದ್ದು ತೇಪೆ ಹಾಕಿಸಿಕೊಳ್ಳದ ಯಂತ್ರಗಳು. ನಿವೃತ್ತಿಯ ಹಣವನ್ನು ಅದೇ ಲ್ಯಾಪ್‌ಟಾಪಿನ ಮೂಲಕ ನಿರ್ವಹಿಸುವ ಎಪ್ಪತ್ತರ ವೃದ್ಧರ ಕೈಗೆ ಅಂಥ ಯಂತ್ರವನ್ನು ಕೊಡುವುದು ಬೀಗವಿಲ್ಲದ ಮನೆಯನ್ನು ಬಾಡಿಗೆಗೆ ಕೊಟ್ಟಂತೆ.

ಹಾಗಾದರೆ ವಿಂಡೋಸ್ 11 ಹಾಕಿಬಿಡಬಹುದಲ್ಲ? ತಕರಾರು ಶುರುವಾಗುವುದೇ ಇಲ್ಲಿ. 2021ರ ಅಕ್ಟೋಬರಿನಲ್ಲಿ ಬಂದ ಈ ಆವೃತ್ತಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಸ್ಥೂಲವಾಗಿ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರನ್ನೂ ಬೇಡುತ್ತದೆ. 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಎಷ್ಟೇ ಚುರುಕಾಗಿದ್ದರೂ ಪರೀಕ್ಷೆಯಲ್ಲಿ ನಪಾಸಾಗುತ್ತದೆ. ಬೆಂಬಲ ನಿಲ್ಲುವುದರಿಂದ 24 ಕೋಟಿ ಕಂಪ್ಯೂಟರುಗಳು ತ್ಯಾಜ್ಯವಾಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು.

ಕಂಪನಿ ಹೇಳುವ ಕಾರಣದಲ್ಲಿ ಹುರುಳಿಲ್ಲವೆಂದಲ್ಲ. ಚಿಪ್ಪಿನಲ್ಲಿ ಕೀಲಿಯನ್ನು ಬಚ್ಚಿಡುವುದು ತಂತ್ರಾಂಶದಲ್ಲಿ ಬಚ್ಚಿಡುವುದಕ್ಕಿಂತ ಸುರಕ್ಷಿತ. ಆದರೆ ಈ ಗೆರೆ ಪ್ರಕೃತಿ ನಿಯಮದಂತೆ ಎಳೆದದ್ದಲ್ಲ. ಇಂಟೆಲ್‌ನ ಏಳನೆಯ ತಲೆಮಾರನ್ನು ಬಹುತೇಕ ಹೊರಗಿಟ್ಟ ಮೈಕ್ರೋಸಾಫ್ಟ್ ಅದೇ ತಲೆಮಾರಿನ ಒಂದು ಪ್ರೊಸೆಸರನ್ನು, ಐ7-7820ಎಚ್‌ಕ್ಯೂ ಎಂಬುದನ್ನು, ಒಳಗೆ ಬಿಟ್ಟುಕೊಂಡಿತು. ಅದು ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದ ಪ್ರೊಸೆಸರು. ಯುರೋಪಿನ ಬಳಕೆದಾರ ಸಂಘಟನೆಗಳು ದನಿ ಎತ್ತಿದಾಗ ಗೆರೆ ಇನ್ನೊಮ್ಮೆ ಸರಿಯಿತು. ಸಾಮಾನ್ಯ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಹೆಚ್ಚುವರಿ ತೇಪೆ ಸಿಗುವ ಯೋಜನೆಯನ್ನು ಕಂಪನಿ ಮೊದಲೇ ಪ್ರಕಟಿಸಿತ್ತು: 30 ಡಾಲರ್ ಕೊಡಬೇಕು, ಇಲ್ಲವೇ ತಮ್ಮ ಸೆಟ್ಟಿಂಗ್‌ಗಳನ್ನು ಕಂಪನಿಯ ಕ್ಲೌಡಿಗೆ ಒಪ್ಪಿಸಬೇಕು, ಅದೂ ಬೇಡವೆಂದರೆ ಕಂಪನಿಯದೇ ಬಹುಮಾನದ ಅಂಕಗಳನ್ನು ತೆರಬೇಕು. ಯುರೋಪಿಯನ್ ಆರ್ಥಿಕ ವಲಯದವರಿಗೆ ಮಾತ್ರ ಈ ಷರತ್ತುಗಳು ಸಡಿಲಗೊಂಡು, ಖಾತೆಗೆ ಲಾಗಿನ್ ಆಗಿದ್ದರೆ ಸಾಕು ಎಂದಾಯಿತು. ಒಂದೇ ಮಾದರಿಯ ಯಂತ್ರ, ಅದರಲ್ಲಿ ಒಂದೇ ತೂತು. ಲಿಸ್ಬನ್ನಿನಲ್ಲಿ ಅದನ್ನು ಬಿಟ್ಟಿ ಮುಚ್ಚಲಾಗುತ್ತದೆ, ಬುಕಿತ್ ಬಾಟೋಕ್‌ನಲ್ಲೂ ಭದ್ರಾವತಿಯಲ್ಲೂ ಷರತ್ತಿನ ಮೇಲೆ. ಇಷ್ಟಾದ ಮೇಲೆ ಇದನ್ನು ಬರಿಯ ತಾಂತ್ರಿಕ ಅನಿವಾರ್ಯತೆ ಎನ್ನಲು ಬರುವುದಿಲ್ಲ.

ಗೆರೆಯನ್ನು ಹಾರುವ ದಾರಿಗಳೂ ಇವೆ. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್ ಸಿದ್ಧಪಡಿಸಿದರೆ ವಿಂಡೋಸ್ 11 ತನ್ನ ಪರೀಕ್ಷೆಗಳನ್ನು ಬದಿಗಿಟ್ಟು ಹಳೆಯ ಯಂತ್ರದಲ್ಲೂ ಕುಳಿತುಕೊಳ್ಳುತ್ತದೆ. ಹಳೆಯ ಮ್ಯಾಕ್‌ಗಳಿಗೆ ಓಪನ್‌ಕೋರ್ ಲೆಗಸಿ ಪ್ಯಾಚರ್ ಇಂಥದೇ ಕೆಲಸ ಮಾಡುತ್ತದೆ. ಐಟಿ ಉದ್ಯೋಗದಲ್ಲಿರುವ ಅನಿವಾಸಿ ಕನ್ನಡಿಗರಿಗೆ ಇದು ಶನಿವಾರ ಮಧ್ಯಾಹ್ನದ ಆಟ, ಒಂದಿಷ್ಟು ಜಾಣತನದ ಹೆಮ್ಮೆಯೂ ಹೌದು. ತಮ್ಮ ಮೇಜಿನ ಮೇಲಿರುವ ಯಂತ್ರಕ್ಕೆ ಹೀಗೆ ಮಾಡಿಕೊಂಡರೆ ಯಾರ ಆಕ್ಷೇಪವೂ ಇರಬೇಕಿಲ್ಲ.

ಊರಿಗೆ ಕೊಡುವ ಯಂತ್ರಕ್ಕೆ ಮಾತ್ರ ಇದು ಸಲ್ಲದು. ಇಂಥ ಯಂತ್ರಗಳಿಗೆ ತೇಪೆ ಒದಗಿಸುವ ಹೊಣೆ ತನಗಿಲ್ಲವೆಂದು ಮೈಕ್ರೋಸಾಫ್ಟ್ ಬರೆದೇ ಇಟ್ಟಿದೆ. ಸದ್ಯಕ್ಕೆ ತಿಂಗಳ ತೇಪೆಗಳು ಬರುತ್ತಿದ್ದರೂ ವರ್ಷಕ್ಕೊಮ್ಮೆ ಹೊರಬರುವ ಹೊಸ ಆವೃತ್ತಿ ತಾನಾಗಿ ಇಳಿಯುವುದಿಲ್ಲ. ಯಾರಾದರೂ ಪೆನ್‌ಡ್ರೈವ್ ಹಿಡಿದು ಮತ್ತೆ ಕೂರಬೇಕು. ಮನೆಬಳಕೆಯ ಪ್ರತಿ ಆವೃತ್ತಿಗೂ ಎರಡು ವರ್ಷದ ಆಯಸ್ಸು. ಅಷ್ಟರೊಳಗೆ ಮಗ ಊರಿಗೆ ಬಾರದಿದ್ದರೆ, ಬಂದರೂ ಮದುವೆ, ಆಸ್ಪತ್ರೆ, ಜಮೀನಿನ ಕಾಗದಪತ್ರಗಳ ನಡುವೆ ಪುರುಸೊತ್ತಾಗದಿದ್ದರೆ, ಅಪ್ಪನ ಯಂತ್ರ ಮತ್ತೆ ಬೀಗವಿಲ್ಲದ ಮನೆ. ಆಪರೇಟಿಂಗ್ ಸಿಸ್ಟಮ್ ಹಾಕುವುದು ಗಂಟೆಯೊಂದರ ಕೆಲಸವಾದರೂ ಅದರ ಯೋಗಕ್ಷೇಮ ವರ್ಷಗಳ ಕೆಲಸ. ಆ ಕೆಲಸ ಯಾರ ಪಾಲಿನದು ಎಂದು ಕೇಳದೆ ಲ್ಯಾಪ್‌ಟಾಪನ್ನು ಸೂಟ್‌ಕೇಸಿಗೆ ಹಾಕುವುದು ಸರಿಯಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಅಪ್ಪನಿಗೆ ಟ್ಯಾಬ್ಲೆಟ್ ಬಂದ ಮೇಲೆ ಲ್ಯಾಪ್‌ಟಾಪ್ ಮನೆಗೆಲಸದಾಕೆಯ ಮಗಳಿಗೆ ಹೋಗುತ್ತದೆ. ಹಳೆಯ ಸೀರೆ, ರಾತ್ರಿ ಉಳಿದ ಅನ್ನ, ಮುಕ್ಕಾದ ಪಾತ್ರೆ ಹೋಗುತ್ತಿದ್ದ ಹಾದಿಯಲ್ಲೇ. ಬಳಸಿ ಬಿಟ್ಟದ್ದನ್ನು ಕೆಳಗಿನವರಿಗೆ ಕೊಟ್ಟು ಔದಾರ್ಯವೆಂದು ಕರೆಯುವ ಅಭ್ಯಾಸ ಕನ್ನಡ ಸಮಾಜಕ್ಕೆ ಹೊಸದಲ್ಲ. ಅದರಲ್ಲಿ ಜಾತಿಯ ಗುರುತು ಎಷ್ಟಿದೆ ಎಂಬುದನ್ನು ವಿವರಿಸುವ ಅಗತ್ಯವೂ ಇಲ್ಲ. ಸೀರೆ ಹರಿದಿದ್ದರೆ ಕಣ್ಣಿಗೆ ಕಾಣುತ್ತದೆ. ತೇಪೆಯಿಲ್ಲದ ತಂತ್ರಾಂಶದ ಹರಕು ಕಾಣುವುದಿಲ್ಲ, ಆ ಹುಡುಗಿಯ ವಿದ್ಯಾರ್ಥಿವೇತನ ಬರುವ ಖಾತೆಯ ಪಾಸ್‌ವರ್ಡ್ ಬೇರೊಬ್ಬರ ಕೈಸೇರುವವರೆಗೆ.

ಇದಕ್ಕೆ ಬೇರೆಯದೇ ಮಾದರಿಯೊಂದು ಬೆಂಗಳೂರಿನಲ್ಲಿತ್ತು. ಸುದರ್ಶನ ಲೇಔಟಿನ ಕೊಳೆಗೇರಿಯಲ್ಲಿ ಕರ್ನಾಟಕದ ಸ್ವತಂತ್ರ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಅಲ್ಲಿನ ಮಕ್ಕಳೊಂದಿಗೆ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರವನ್ನು ಕಟ್ಟಿದರು. ಯಂತ್ರಗಳು ದಾನವಾಗಿ ಬಂದವು, ಹಳೆಯವು. ಅದರೊಳಗಿದ್ದ ಗ್ನು/ಲಿನಕ್ಸ್ ಮಾತ್ರ ಯಾರೂ ಬಿಟ್ಟುಕೊಟ್ಟದ್ದಾಗಿರಲಿಲ್ಲ. ಸಾಫ್ಟ್‌ವೇರ್ ಎಂಜಿನಿಯರನ ಮೇಜಿನ ಮೇಲೆ ಓಡುವ ವ್ಯವಸ್ಥೆಯೇ ಆ ಮಕ್ಕಳ ಮುಂದೆಯೂ ಓಡುತ್ತಿತ್ತು. ಯಂತ್ರ ಹಳೆಯದಾದರೂ ತಂತ್ರಾಂಶದಲ್ಲಿ ಮೇಲುಕೀಳಿರಲಿಲ್ಲ.

ಸರ್ಕಾರವೊಂದು ಮನಸ್ಸು ಮಾಡಿದರೆ ಏನಾಗಬಲ್ಲದು ಎಂಬುದಕ್ಕೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಬೇಕು. ಗಡಿನಾಡಿನ ಕನ್ನಡಿಗರಿಗೆ ಕೇರಳ ಸರ್ಕಾರದ ಭಾಷಾನೀತಿಯ ಬಗ್ಗೆ ಇರುವ ದೂರುಗಳು ನ್ಯಾಯವಾದವು, ಅವನ್ನು ಇಲ್ಲಿ ತೇಲಿಸುವಂತಿಲ್ಲ. ಆದರೆ ಈ ಒಂದು ವಿಷಯದಲ್ಲಿ ಅವರ ಮಕ್ಕಳು ಕರ್ನಾಟಕದ ಮಕ್ಕಳಿಗಿಂತ ಮುಂದಿದ್ದಾರೆ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಹೆಸರಿನಲ್ಲಿ ಆರಂಭವಾಗಿ ಈಗ ಕೈಟ್ ಎಂದಾಗಿರುವ ಸರ್ಕಾರಿ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಆಪರೇಟಿಂಗ್ ಸಿಸ್ಟಮ್ ರೂಪಿಸುತ್ತದೆ. 2019ರ ಆವೃತ್ತಿ ಬಂದಾಗ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಪರವಾನಗಿ ವೆಚ್ಚ ಲೆಕ್ಕ ಹಾಕಿ 3,000 ಕೋಟಿ ರೂಪಾಯಿ ಉಳಿತಾಯವೆಂದು ಸರ್ಕಾರ ಹೇಳಿಕೊಂಡಿತು. ಲೆಕ್ಕದಲ್ಲಿ ಸ್ವಲ್ಪ ಉತ್ಸಾಹ ಬೆರೆತಿರಬಹುದು. ಮುಖ್ಯವಾದದ್ದು ಬೇರೆ: ಅಲ್ಲಿ ಹೊಸ ಆವೃತ್ತಿ ಯಾವಾಗ ಬರಬೇಕು, ಯಾವ ಯಂತ್ರದಲ್ಲಿ ಓಡಬೇಕು ಎಂಬುದನ್ನು ತೀರ್ಮಾನಿಸುವುದರಲ್ಲಿ ಶಿಕ್ಷಕರಿಗೆ ಮಾತಿದೆ, ಮಾತ್ರವಲ್ಲ, ಹಾಕುವ ಕೈಗಳೂ ಅವರವೇ. ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಸಂಘಗಳು ಹೈಸ್ಕೂಲುಗಳಲ್ಲಿವೆ.

ಸಿಂಗಪುರದ ಅನುಭವವೂ ಇದಕ್ಕೆ ಹೊರತಲ್ಲ. 2020ರ ಏಪ್ರಿಲಿನಲ್ಲಿ ಅಲ್ಲಿ ಶಾಲೆಗಳು ಮನೆಗೆ ವರ್ಗವಾದಾಗ, ಅಷ್ಟು ಶ್ರೀಮಂತ ನಗರದಲ್ಲೂ ಲ್ಯಾಪ್‌ಟಾಪಿಲ್ಲದ ಮಕ್ಕಳಿದ್ದಾರೆಂಬುದು ಬೆಳಕಿಗೆ ಬಂತು. ಎಂಜಿನಿಯರಿಂಗ್ ಗುಡ್ ಎಂಬ ಸಂಸ್ಥೆಯ ಸ್ವಯಂಸೇವಕರು ಜನ ಕೊಟ್ಟ ಹಳೆಯ ಲ್ಯಾಪ್‌ಟಾಪುಗಳನ್ನು ಬಿಚ್ಚಿ, ದುರಸ್ತಿ ಮಾಡಿ ಅಂಥ ಮನೆಗಳಿಗೆ ತಲುಪಿಸಿದರು. ಬುಕಿತ್ ಬಾಟೋಕ್‌ನವರು ಸಂಜೆ ಅಡ್ಡಾಡಲು ಹೋಗುವ ಪುಟ್ಟ ಗ್ವಿಲಿನ್ ಕೂಡ ಒಂದು ಕಾಲಕ್ಕೆ ಪಾಳುಬಿದ್ದ ಗ್ರಾನೈಟ್ ಗಣಿ; ಮುಚ್ಚಿ ರಸ್ತೆ ಮಾಡುವ ಯೋಚನೆ ಕೈಬಿಟ್ಟು ಅದನ್ನು ಕೆರೆಯಾಗಿ ಉಳಿಸಿಕೊಂಡರು. ಉಳಿಸಿಕೊಳ್ಳುವ ಬುದ್ಧಿ ಆ ಊರಿಗೆ ಹೊಸದಲ್ಲ ಎನ್ನಲು ಇಷ್ಟು ಹೇಳಬೇಕಾಯಿತು. 2021ರ ಜುಲೈನಿಂದ ಅಲ್ಲಿನ ಕಾನೂನು ಇ-ತ್ಯಾಜ್ಯವನ್ನು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿದೆ. ಭಾರತದ 2022ರ ಇ-ತ್ಯಾಜ್ಯ ನಿಯಮಗಳೂ ಅದನ್ನೇ ಹೇಳುತ್ತವೆ. ಎರಡೂ ಕಾನೂನುಗಳು ಯಂತ್ರ ಸತ್ತ ಮೇಲಿನ ಸಂಸ್ಕಾರದ ಬಗ್ಗೆ ಮಾತಾಡುತ್ತವೆಯೇ ಹೊರತು ಜೀವವಿದ್ದಾಗಲೇ ಅದನ್ನು ಸತ್ತಿತೆಂದು ಘೋಷಿಸುವ ಅಧಿಕಾರ ಯಾರದೆಂದು ಕೇಳುವುದಿಲ್ಲ. ಯುರೋಪು ಫೋನು ಮತ್ತು ಟ್ಯಾಬ್ಲೆಟ್‌ಗಳ ಮಟ್ಟಿಗೆ ಕೇಳಿದೆ: ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶದ ನವೀಕರಣ ಸಿಗಬೇಕೆಂಬ ನಿಯಮ 2025ರ ಜೂನ್ 20ರಿಂದ ಜಾರಿಯಲ್ಲಿದೆ. ಕಂಪ್ಯೂಟರುಗಳಿಗೂ ಅಂಥ ನಿಯಮ ಬೇಕೆಂಬ ಬೇಡಿಕೆ ಬೆಂಗಳೂರಿನಿಂದ ಏಳಬೇಕಿತ್ತು. ತಂತ್ರಾಂಶದ ರಾಜಧಾನಿ ಎನಿಸಿಕೊಳ್ಳುವ ನಗರ ಈ ವಿಷಯದಲ್ಲಿ ಮೌನವಾಗಿರುವುದು ವಿಚಿತ್ರ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತು ಹೊರಹಾಕಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ವ್ಯವಸ್ಥಿತವಾಗಿ ಮರುಬಳಕೆಯಾದದ್ದು ಕಾಲು ಭಾಗಕ್ಕೂ ಕಡಿಮೆ.

ಕಾನೂನು ಬರುವವರೆಗೆ ಸೂಟ್‌ಕೇಸು ಕಾಯುವುದಿಲ್ಲ. ಹೊರಡುವ ಮುನ್ನ ಮಾಡಬಹುದಾದದ್ದು ಇಷ್ಟು. ಮೊದಲು ಬಯೋಸ್‌ನಲ್ಲಿ ಟಿಪಿಎಂ ಕೇವಲ ನಿಷ್ಕ್ರಿಯವಾಗಿದೆಯೇ ಎಂದು ನೋಡಬೇಕು. ಪ್ರೊಸೆಸರು ಹೊಸದಾಗಿದ್ದೂ ನಪಾಸಾದ ಯಂತ್ರಗಳಲ್ಲಿ ಕೆಲವೊಮ್ಮೆ ಅಷ್ಟೇ ಕಾರಣವಿರುತ್ತದೆ. ಅದಾಗದಿದ್ದರೆ ಲಿನಕ್ಸ್ ಮಿಂಟ್. ಸಿಮ್ ಲಿಮ್ ಸ್ಕ್ವೇರ್‌ನಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಸಿಗುವ ಎಸ್‌ಎಸ್‌ಡಿಯೊಂದನ್ನು ಹಾಕಿದರೆ 2016ರ ಯಂತ್ರ ಹೊಸ ಹುರುಪಿನಲ್ಲಿ ಓಡುತ್ತದೆ. ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ ವೈಫೈ, ಕ್ಯಾಮೆರಾ, ಪ್ರಿಂಟರ್ ನಡೆಯುತ್ತವೆಯೇ ಎಂದು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಕಡತಗಳನ್ನು ಬೇರೆಡೆ ಉಳಿಸಿದ ಮೇಲಷ್ಟೇ ವಿಂಡೋಸನ್ನು ಅಳಿಸಬೇಕು. ಟ್ಯಾಲಿ ಅಥವಾ ಡಿಜಿಟಲ್ ಸಹಿಯ ಸಾಧನ ಬಳಸಿ ಲೆಕ್ಕಪತ್ರ ಸಲ್ಲಿಸುವವರಿಗೆ ಈ ದಾರಿ ತೊಡಕಿನದು ಎಂಬುದನ್ನು ಒಪ್ಪಬೇಕು. ಅವರಿಗೆ ಹೊಸ ಯಂತ್ರವೇ ಸರಿ.

ಕನ್ನಡದ ತೊಡಕು ಅದಕ್ಕಿಂತ ಸೂಕ್ಷ್ಮವಾದದ್ದು. ಅಪ್ಪ ಇಪ್ಪತ್ತು ವರ್ಷದಿಂದ ನುಡಿಯಲ್ಲಿ ಬರೆದಿದ್ದಾರೆ. ಯೂನಿಕೋಡಿಗೆ ಮುಂಚಿನ ಆ ಕಡತಗಳು ನುಡಿಯ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಲಿನಕ್ಸ್ ಅವರ ಬರಹವನ್ನೆಲ್ಲ ತಿಂದುಹಾಕಿತು ಎಂದು ಅವರು ಗಾಬರಿಯಾಗುವುದು ಆಗಲೇ. ಫಾಂಟನ್ನು ನಕಲು ಮಾಡಿಕೊಂಡರೆ ಓದಲು ಬರುತ್ತದೆ; ಕನ್ನಡದ ಸ್ವಯಂಸೇವಕರು ರೂಪಿಸಿರುವ ಪರಿವರ್ತಕಗಳಿಂದ ಯೂನಿಕೋಡಿಗೆ ಬದಲಿಸಿಕೊಂಡರೆ ಮುಂದೆ ಯಾವ ಯಂತ್ರದಲ್ಲೂ ತೊಂದರೆಯಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ಐಬಸ್‌ನ ಪಟ್ಟಿಯಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿದೆ, ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ. ಕಡತಗಳ ಪರಿವರ್ತನೆಗೆ ಒಂದು ದಿನವಾದರೂ ಹಿಡಿಯುತ್ತದೆ. ರಜೆಯ ಹತ್ತು ದಿನದಲ್ಲಿ ಅದಕ್ಕೊಂದು ದಿನ ತೆಗೆದಿಡದವರು ಲ್ಯಾಪ್‌ಟಾಪನ್ನು ಬುಕಿತ್ ಬಾಟೋಕ್‌ನಲ್ಲೇ ಬಿಟ್ಟುಬರುವುದು ಒಳ್ಳೆಯದು.

ವಿದೇಶಗಳ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸುತ್ತವೆ, ಊಟ ಹಾಕುತ್ತವೆ. ರಜೆಯ ತಿಂಗಳಿಗೆ ಮುಂಚಿನ ಒಂದು ಭಾನುವಾರ ಸಭಾಂಗಣದಲ್ಲಿ ನಾಲ್ಕು ಮೇಜು ಹಾಕಿ, ಊರಿಗೆ ಹೊರಟ ಲ್ಯಾಪ್‌ಟಾಪುಗಳಿಗೆ ಈ ಕೆಲಸ ಮಾಡಿಕೊಡಲು ಅವಕ್ಕೆ ಹೆಚ್ಚಿನ ಖರ್ಚಿಲ್ಲ. ಬೇಕಾದ ಪರಿಣತಿ ಸದಸ್ಯರ ಪಟ್ಟಿಯಲ್ಲೇ ಇದೆ. ಮಿಂಟ್ 22ರ ಬೆಂಬಲ 2029ರ ಏಪ್ರಿಲ್‌ವರೆಗೆ. ಆ ತಿಂಗಳನ್ನೂ, ಆಗ ಹೊಸ ಆವೃತ್ತಿ ಹಾಕಿಕೊಡಲು ಒಪ್ಪಿಕೊಂಡವರ ಫೋನ್ ನಂಬರನ್ನೂ ಕಾಗದದಲ್ಲಿ ಬರೆದು ಲ್ಯಾಪ್‌ಟಾಪಿನ ಅಡಿಗೆ ಅಂಟಿಸಬಹುದು. ನಂಬರು ಸಿಂಗಪುರದ್ದಾಗಿದ್ದರೆ ಊರಿನದೊಂದನ್ನೂ ಜೊತೆಗೆ ಬರೆಯಬೇಕು.